ತೊಗರಿ ರಾಶಿ ಇಳಿದಾಕಿ

ನಮ್ಮವ್ವ ಬಂಡೆಮ್ಮಗ ಅರವತ್ತೇಳು ವರ್ಷ. ಬರೋ ಜನವರಿಗಿ ಅಕಿ ಆಸ್ಟ್ರಿಯಾ ದೇಶದ ಹಿಮದ ಗುಡ್ಡಕ್ಕ ಸ್ಕೀ ಆಡಾಕ ಹೊಂಟಾಳ. ಸಂಗಟ ನಾನೂ ಹೊಂಟೀನಿ. ನಗೋರು ಈಗೇ ನಕ್ಕು ಮುಗಸ್ರಿ. ನಡುವ ನಕ್ಕರ ನನಗ ಸಿಟ್ಟು ಬರ್ತದ, ಮತ್ತ ಪಂಚಶೀಲಾ ಸಿಸ್ಟರ್ ಸಿಟ್ಟು ಹ್ಯಾಂಗಿರ್ತದಂತ ಕಲಬುರಗಿ ದವಾಖಾನಿಯೊಳಗ ನನ್ನ ವಾರ್ಡಿನ ಮಂದಿನ್ನ ಕೇಳ್ರಿ. ಹತ್ತೊಂಬತ್ತು ವರ್ಷ ನರ್ಸ್ ನೌಕರಿ ಮಾಡೀನಿ. ಮದಿವಿ ಆಗಿಲ್ಲ. ರೊಕ್ಕ ನಂದು, ರಜಾ ನಂದು, ಅವ್ವ ನನ್ನಾಕಿ. ಇದರಾಗ ಯಾರಿಗಿ ಏನು ತ್ರಾಸ ಅದ ನನಗ ತಿಳೀವಲ್ದು.

ಇದು ಸುರು ಆದದ್ದು ಮೇ ತಿಂಗಳದಾಗ, ಕಮಲಾಪುರದ ನಮ್ಮ ಮನ್ಯಾಗ. ಅವ್ವ ಅಲ್ಲೇ ತನ್ನ ತಮ್ಮ ಮಹಾದೇವಪ್ಪನ ಸಂಗಟ ಇರ್ತಾಳ, ನಾ ಐತವಾರಕ್ಕೊಮ್ಮೆ ಕಲಬುರಗಿಯಿಂದ ಬಸ್ ಹತ್ತಿ ಹೋಗ್ತೀನಿ. ಅವತ್ತು ನಲವತ್ಮೂರು ಡಿಗ್ರಿ ಬಿಸಲು, ಕರೆಂಟ್ ಬ್ಯಾರೆ ಹೋಗಿತ್ತು. ನಾ ಬರೀ ನೆಲದ ಮ್ಯಾಲ ಮಲಕೊಂಡು ಫೋನಿನ್ಯಾಗ ಹಿಮದ ವಿಡಿಯೋ ನೋಡಾಕತ್ತಿದ್ದೆ. ಕಣ್ಣಿಗರ ತಂಪು ಆಗ್ಲಿ ಅಂತ. ಒಬ್ಬ ಮಾಸ್ತರ ಏಳೆಂಟು ಮಂದಿ ಹೊಸಬರಿಗಿ ಕಾಲಿಗಿ ಉದ್ದನ ಪಟ್ಟಿ ಕಟ್ಟಿ ಇಳುಕಲು ಇಳಿಯೂದು ಕಲಸಾಕತ್ತಿದ್ದ. ಅವರು ಧಪ್ ಧಪ್ ಬೀಳಾಕತ್ತಿದ್ರು. ಅವ್ವ ಜ್ವಾಳ ಹಸನ ಮಾಡೂದು ಬಿಟ್ಟು ಬಗ್ಗಿ ನೋಡಿದ್ಳು.

"ಇಷ್ಟು ದೊಡ್ಡವರಾಗ್ಯಾರ, ಇಳಿಯಾಕ ಬರೂದಿಲ್ಲೇನು ಇವರಿಗಿ?"

"ಹೊಸಬರು ಇದ್ದಾರವ್ವಾ. ಕಲಿಯಾಕತ್ತಾರ."

"ಕಲಿಯೂದೇನದ ಇದರಾಗ? ತೊಗರಿ ರಾಶಿ ಇಳಿದಂಗ ಅಲ್ಲೇನು? ತುದಿಗಾಲು ಒಳಗ, ಹಿಮ್ಮಡ ಹೊರಗ, ಮೊಣಕಾಲು ಸಡ್ಲ. ಹಂಗ ಇಳೀಲಿಲ್ಲಂದ್ರ ಕಾಳು ಜಾರಿ ಕೆಳಗ ಚೆಲ್ತಾವ, ಧಣಿ ಬೈತಾನ."

ಯವ್ವಾ! ಫೋನಿನ್ಯಾಗ ಮಾಸ್ತರ ಖರೇನ ಅದನ್ನೇ ಹೇಳಾಕತ್ತಿದ್ದ. ತುದಿಗಾಲು ಕೂಡಸ್ರಿ, ಹಿಮ್ಮಡ ಅಗಲ ಮಾಡ್ರಿ, ಮೊಣಕಾಲು ಬಗ್ಗಸ್ರಿ. ನಾ ಎದ್ದು ಕುಂತೆ. ಅವ್ವ ಕಪನೂರಿನ ಒಂದು ದಾಲ್ ಮಿಲ್ಲಿನ್ಯಾಗ ಮೂವತ್ತೊಂದು ವರ್ಷ ದುಡದಾಕಿ. ಮುಂಜಾನೆ ಕಮಲಾಪುರದಾಗ ಬಸ್ ಹತ್ತೂದು, ಕಪನೂರಿನ್ಯಾಗ ಇಳಿಯೂದು, ಸಂಜೀತನಕಾ ತಲಿ ಮ್ಯಾಲ ಪುಟ್ಟಿ ಹೊತ್ತು ತೊಗರಿ ರಾಶಿ ಹತ್ತಿ ಸುರಿಯೂದು, ಇಳಿಯೂದು. ಅದೂ ಬರಿಗಾಲಿಲೆ.

"ನಡಿ ಹಂಗಾರ, ಹೋಗೂನು ಇಲ್ಲಿಗಿ," ಅಂತ ನಾ ಚ್ಯಾಷ್ಟಿ ಮಾಡಿದೆ.

"ಯಾವಾಗ?" ಅಂದ್ಳು ಅವ್ವ. ಅಕಿ ಚ್ಯಾಷ್ಟಿ ಮಾಡಿರಲಿಲ್ಲ.

ಮಹಾದೇವಪ್ಪ ಮಾಮ ಎರಡು ದಿನ ಊಟ ಬಿಟ್ಟವರಂಗ ಮಾರಿ ಮಾಡ್ಕೊಂಡು ತಿರಗ್ಯಾಡಿದ. "ಅಕ್ಕಾ, ವಯಸ್ಸಿಗಿ ತಕ್ಕಂಗ ಇರಬೇಕು. ಬಿದ್ದು ಸೊಂಟ ಮುರಕೊಂಡ್ರ ಏನು ಮಾಡ್ತಿ?" ಅಂದ.

"ಪುಟ್ಟಿ ಹೊರೂ ಮುಂದ ನನ್ನ ಸೊಂಟದ ಫಿಕರ್ ಯಾರಿಗೂ ಇರಲಿಲ್ಲಲ್ಲೋ ತಮ್ಮಾ. ಈಗೆಲ್ಲಿಂದ ಬಂತು?" ಅಂದ್ಳು ಅವ್ವ. ಮಾಮ ಊಟಕ್ಕ ಕುಂತ.

ಮುಂದಿನ ವಾರ ನಾ ಒಂದು ಹತ್ತಿ ತುಂಬಿದ ದಪ್ಪನ್ನ ಪ್ಯಾಂಟು ತಂದೆ. ಹುಟ್ಟಿದಾಗಿಂದ ಸೀರಿ ಉಟ್ಟಾಕಿ, ಪ್ಯಾಂಟು ರೂಢಿ ಆಗ್ಬೇಕಲ್ಲ. ಅವ್ವ ಅದನ್ನ ಹಾಕ್ಕೊಂಡು, ಮ್ಯಾಲ ನನ್ನ ಹಳೇ ಕಮೀಜು ತೊಟ್ಟು, ಆ ಬೆಂಕಿಯಂಥ ಬಿಸಲಾಗ ಕಿರಾಣಿ ಅಂಗಡಿಗಿ ಹೋಗಿ ಬೆಲ್ಲ ತಂದ್ಳು. ಓಣಿ ಮಂದಿ ಹೊರಗ ಬಂದು ನಿಂತ್ರು. ಬೆವರು ಧಾರಾಕಾರ ಇಳಿಯಾಕತ್ತಿತ್ತು. "ಏನಬೇ ಬಂಡೆಮ್ಮಾ, ಇದೇನು ವ್ಯಾಷ?" ಅಂತ ಒಬ್ಬಾಕಿ ಕೇಳಿದ್ಳು. "ಥಂಡಿ ದೇಶದ್ದು," ಅಂತ ಹೇಳಿ ಅವ್ವ ತಿರುಗಿ ನೋಡದಂಗ ಬಂದುಬಿಟ್ಳು. ಮನ್ಯಾಗ ಬಂದು ಒಂದು ಚರಿಗಿ ನೀರು ಗಟಗಟ ಕುಡದ್ಳು.

ಇನ್ನ ಟ್ರಾವೆಲ್ಸ್ ಆಫೀಸಿನ ಸುದ್ದಿ ಕೇಳ್ರಿ. ಕಲಬುರಗಿ ಬಸ್ ಸ್ಟ್ಯಾಂಡ್ ಹತ್ರ ವಿವೇಕಾನಂದ ಅನ್ನಾಂವ ಒಬ್ಬ ನಡಸ್ತಾನ. ಛಲೋ ಮನಷಾ ಹೌದು, ಆದ್ರ ಅವ್ವನ ಕಡಿ ನೋಡಿ ಮೊದಲ ಮಾತಿಗೇ, "ಸಿಸ್ಟರ್, ಅಮ್ಮಾರಿಗಿ ಬುದ್ಧಗಯಾ ಮಾಡಸ್ರಿ, ಛಲೋ ಪ್ಯಾಕೇಜ್ ಅದ," ಅಂದ.

"ಎರಡು ಸಲ ಹೋಗಿ ಬಂದೀನಪಾ. ಅಲ್ಲಿ ಹಿಮ ಬೀಳೂದಿಲ್ಲ," ಅಂದ್ಳು ಅವ್ವ.

ಅಂವ ಕಂಪ್ಯೂಟರ್ ನೋಡಿ ತಲಿ ಕೆರಕೊಂಡ. ಆಸ್ಟ್ರಿಯಾದ ಆ ಹಿಮದ ಗುಡ್ಡದ ಸ್ಕೀ ಸಾಲಿಯವರು ಹೊಸಬರಿಗಿ ವಾರದ ಪಾಠ ಹೇಳ್ತಾರ, ಬೂಟು, ಟೊಪಗಿ ಎಲ್ಲಾ ಬಾಡಗಿಗಿ ಕೊಡ್ತಾರ. ಆದ್ರ ಅರವತ್ತೈದು ದಾಟಿದವರು ಇಳುಕಲದ ಮ್ಯಾಲ ಗಟ್ಟಿ ನಿಂದರ್ತಾರಂತ ಒಂದು ವಿಡಿಯೋ ಕಳಿಸಬೇಕಂತ. ಇಲ್ಲಂದ್ರ ಪಾಠಕ್ಕ ಸೇರಿಸ್ಕೊಳ್ಳೂದಿಲ್ಲ. "ಅದೆಲ್ಲಾ ಯಾಕ ಬೇಕ್ರಿ ಸಿಸ್ಟರ್? ಅಮ್ಮಾರ್ನ 'ನೋಡೋರು' ಅಂತ ಹಾಕಿಬಿಡ್ತೀನಿ. ಹೋಟೆಲಿನ ಕಾಜಿನ ಕಿಡಕಿ ಹಿಂದ ಬೆಚ್ಚಗ ಕುಂತು ನೀವು ಆಡೂದು ನೋಡ್ತಾರ," ಅಂದ.

ನನಗ ತಲಿ ಧಿಂ ಅಂತು. ನೋಡೋರಂತ! ಜೀವನಪೂರ್ತಿ ನೋಡ್ಕೋತ ಬಂದದ್ದು ಸಾಲಲಿಲ್ಲೇನು? ಅದಕ್ಕ ವಿಮಾನ ಹತ್ತಿ ಅಷ್ಟು ದೂರ ಹೋಗಬೇಕೇನು? ನಾ ಜಗಳಕ್ಕ ಬಾಯಿ ತಗಿಯೂದ್ರಾಗ ಅವ್ವ ನನ್ನ ರಟ್ಟಿ ಹಿಡದ್ಳು. "ಅಂವ ನೋಡಿಲ್ಲ, ಅದಕ್ಕ ನಂಬವಲ್ಲ. ತೋರಸೂನು ನಡಿ. ಕಪನೂರಿಗಿ ಹೋಗೂನು."

"ಆ ಮಿಲ್ಲಿಗಿ ನಾ ಬರಂಗಿಲ್ಲ," ಅಂದೆ. ಅದಕ್ಕ ಕಾರಣ ಅದ. ಏಳು ವರ್ಷದಾಕಿ ಇದ್ದಾಗ ಸಾಲಿ ಸೂಟಿಯೊಳಗ ಅವ್ವನ ಸಂಗಟ ಅಲ್ಲಿಗಿ ಹೋಗಿದ್ದೆ. ಧಣಿ ಮಗ ಶಿವಲಿಂಗ, ನನಗಿಂತ ಎರಡು ವರ್ಷ ದೊಡ್ಡಾಂವ, ರಾಶಿ ಮ್ಯಾಲಿಂದ ಸರ್ರಂತ ಜಾರಿ ಕೇಕಿ ಹಾಕತಿದ್ದ. ನಾನೂ ಹತ್ತಿದೆ, ಕುಂತೆ, ಜಾರಿದೆ. ಅರ್ಧಕ್ಕ ಬಂದಿದ್ದೆ, ದೊಡ್ಡ ಧಣಿ ಬಂದು ನನ್ನ ಜಡಿ ಹಿಡದು ಎಳದು ನೆಲಕ್ಕ ಹಾಕಿದ. "ತಿನ್ನೂ ಕಾಳಿನ ಮ್ಯಾಲ ನಿಮ್ಮ ಹುಡುಗರನ್ನ ಆಡಾಕ ಬಿಡ್ತೀಯೇನ ಬಂಡೀ?" ಅಂತ ಅವ್ವಗ ಒದರಿದ. ಅವ್ವ ಆವಾಗ ಅದೇ ರಾಶಿ ಮ್ಯಾಲ ಪುಟ್ಟಿ ಹೊತ್ತು ನಿಂತಿದ್ಳು! ಹೊರೂ ಕಾಲಿಗಿ ಮೈಲಿಗಿ ಇಲ್ಲ, ಆಡೂ ಕಾಲಿಗಿ ಮೈಲಿಗಿ. ಆದ್ರ ಅವ್ವ ಪಿಟ್ಟಂತ ಒಂದು ಮಾತು ಆಡಲಿಲ್ಲ. ಪುಟ್ಟಿ ಸುರುವಿ, ಇಳದು ಬಂದು, ನನ್ನ ನೆಳ್ಳಿಗಿ ಕುಂಡ್ರಿಸಿ ಮತ್ತ ಕೆಲಸಕ್ಕ ಹ್ವಾದ್ಳು. ಆ ಸಿಟ್ಟು ಅಕಿ ಮ್ಯಾಲ ನನಗ ಇನ್ನೂ ಅದ. ಬಾಯಿ ಬಿಟ್ಟು ಒಂದು ಸಲನೂ ಹೇಳಿರಲಿಲ್ಲ.

ಆದ್ರೂ ಹ್ವಾದೆ. ನಮ್ಮ ಕಲಬುರಗಿ ಸುತ್ತ ಬರೇ ಬಯಲು, ಇಳುಕಲು ಎಲ್ಲಿಂದ ತರೂದು?

ಈಗ ಶಿವಲಿಂಗನೇ ಮಿಲ್ಲಿನ ಧಣಿ. ಹೊಟ್ಟಿ ಬಂದದ, ಕೂದಲು ಹೋಗ್ಯಾವ. "ಬಾ ಬಂಡೆಮ್ಮಾ, ಎಷ್ಟು ವರ್ಷ ಆತು!" ಅಂತ ಕುರ್ಚಿ ಹಾಕಿಸಿ ಚಹಾ ತರಸಿದ. ಮೊದಲ ಅವ್ವ ಅವಗ ಸಣ್ಣ ಧಣಿ ಅಂತಿದ್ಳು. ಅವತ್ತು ಹಂಗ ಅನ್ನಲಿಲ್ಲ.

"ಶಿವಲಿಂಗಪ್ಪಾ, ಚಹಾ ಆಮ್ಯಾಲ. ನನಗ ರಾಶಿ ಬೇಕು, ಒಂದು ಅರ್ಧ ತಾಸು."

ವಿಷಯ ಕೇಳಿ ಅಂವ ನಗಾಕತ್ತಿದ. "ಈ ವಯಸ್ಸಿನ್ಯಾಗ ಬಿದ್ದಿ ಗಿದ್ದಿ ಅಂದ್ರ ನನ್ನ ಮ್ಯಾಲ ಬರ್ತದ, ಬ್ಯಾಡವಾ," ಅಂದ. ನನಗ ತಡಿಯಾಕ ಆಗಲಿಲ್ಲ. "ನೀವು ಜಾರಬೇಕಾದ್ರ ಯಾರ ಮ್ಯಾಲ ಬರತಿತ್ರೀ? ನನ್ನ ಜಡಿ ಹಿಡದು ಎಳದಾಗ ನೀವು ಮ್ಯಾಲ ಕುಂತು ನೋಡಾಕತ್ತಿದ್ರಿ, ನೆನಪದ ಇಲ್ಲೋ?" ಅಂದೆ. ಅವನ ನಗಿ ಅಲ್ಲೇ ನಿಂತಿತು. ನೆನಪಿತ್ತು ಅವಗ, ಮಾರಿ ನೋಡಿದ್ರ ಗೊತ್ತಾಗ್ತಿತ್ತು.

"ಪಂಚೀ, ಮಾತು ಸಾಕು," ಅಂದ್ಳು ಅವ್ವ. "ತಾಡಪತ್ರಿ ತಗಸಪಾ."

ಮತ್ತ ಸುಮ್ಮನಾದ್ಳಲ್ಲ ಈಕಿ, ಅಂತ ನನಗ ಸಿಟ್ಟು ಬಂತು. ಶಿವಲಿಂಗ ಆಳಿಗಿ ಹೇಳಿ ರಾಶಿ ಮ್ಯಾಲಿನ ತಾಡಪತ್ರಿ ತಗಸಿದ. ಛಾವಣಿ ಕೆಳಗ ಎರಡಾಳೆತ್ತರದ ತೊಗರಿ ರಾಶಿ. ಮೊದಲ ನಾ ಹತ್ತಿದೆ. ನಾಕು ಹೆಜ್ಜಿಗಿ ಮೊಣಕಾಲ ಮಟ ಹೂತುಹ್ವಾದೆ, ಅರ್ಧಕ್ಕ ಹೋಗೂದ್ರಾಗ ಮುಕಳಿ ಮ್ಯಾಲ ಕುಂತುಬಿಟ್ಟೆ. ಮುಂದ ಹೋಗಾಕ ಕಾಲು ಬರಲಿಲ್ಲ. ಇಳದು ಬಂದು ಫೋನ್ ಹಿಡದು ನಿಂತೆ.

ಅವ್ವ ಚಪ್ಪಲಿ ಬಿಟ್ಳು. ಆ ಪ್ಯಾಂಟು ಹಾಕ್ಕೊಂಡೇ ಬಂದಿದ್ಳು. ಅಡ್ಡಡ್ಡ ಹೆಜ್ಜಿ ಇಟ್ಟು, ಪಾದದ ಅಂಚು ಒತ್ತಿಗೋತ, ತುದಿಗಿ ಹೋಗಿ ನಿಂತ್ಳು. ಆಮ್ಯಾಲ ಇಳದ್ಳು. ಏನು ಹೇಳ್ಲಿ ನಿಮಗ! ತುದಿಗಾಲು ಒಳಗ, ಹಿಮ್ಮಡ ಹೊರಗ, ಕೈ ಎರಡೂ ಮುಂದ. ಅಕಿ ಮುಂದ ಕಾಳು ಸರಸರ ಸರೀತಿದ್ವು, ಅಕಿ ಮಾತ್ರ ನೆಟ್ಟಗ. ನಡುವ ನಿಂತ್ಳು, ಬಲಕ್ಕ ಹೊಳ್ಳಿದ್ಳು, ಮತ್ತ ಇಳದ್ಳು. ರಾಶಿ ಬಿಟ್ಟು ಹೊರಗ ಒಂದು ಮುಟಗಿ ಕಾಳು ಸೈತ ಚೆಲ್ಲಲಿಲ್ಲ. ಹಮಾಲರು ಕೆಲಸ ಬಿಟ್ಟು ಬಂದು ಚಪ್ಪಾಳಿ ಹೊಡದ್ರು. ಶಿವಲಿಂಗ ನೆಲ ನೋಡ್ಕೋತ ನಿಂತಿದ್ದ. ಅವ್ವ ಕಾಲು ಝಾಡಿಸಿ ಚಪ್ಪಲಿ ಮೆಟ್ಟಿ, ಆರಿದ ಚಹಾ ಕುಡದ್ಳು.

ಮರುದಿನ ವಿವೇಕಾನಂದ ಆ ವಿಡಿಯೋ ಮೂರು ಸಲ ನೋಡಿದ. ಸ್ಕೀ ಸಾಲಿಗಿ ಕಳಿಸಿದ, ವಾರದಾಗ ಒಪ್ಪಿಗಿ ಬಂತು. ಅವತ್ತು ಇಬ್ಬರನೂ ಕುಂಡ್ರಿಸಿಕೊಂಡು ಅರ್ಜಿ ತುಂಬಾಕತ್ತಿದ. 'ನೋಡೋರು' ಅಂತಿದ್ದಲ್ಲಿ ಅವ್ವನ ಹೆಸರು ಹೊಡದು 'ಕಲಿಯೋರು' ಅಂತ ಇದ್ದಲ್ಲಿ ಹಾಕಿದ. "ಮೊದಲಿನ ಅನುಭವ ಕೇಳ್ಯಾರ. ಇಲ್ಲ ಅಂತ ಬರೀಲೇನ್ರಿ ಅಮ್ಮಾರ?"

"ಮೂವತ್ತೊಂದು ವರ್ಷ ಅಂತ ಬರಿ."

ಅಂವ ನನ್ನ ಮಾರಿ ನೋಡಿದ. "ಬರೀರಿ," ಅಂದೆ.

"ಸಿಸ್ಟರ್, ನಿಮ್ಮದು ಇಲ್ಲ ಅಂತ ಹಾಕ್ತೀನಿ, ಅಲ್ಲೇನ್ರಿ?"

ನಾ ಗೋಣು ಹಾಕೂದ್ರಾಗ ಅವ್ವ ಆ ಕಾಗದದ ಮ್ಯಾಲ ಅಂಗೈ ಇಟ್ಳು. "ಇಲ್ಲ ಅಂತ ಬರೀಬ್ಯಾಡ. ಇಕಿದು ಅರ್ಧ ಆಗ್ಯದ. ಏಳು ವರ್ಷದಾಕಿ ಇದ್ದಾಗ ಅರ್ಧ ಜಾರಿದ್ಳು, ಜಡಿ ಹಿಡದು ಎಳದ್ರು. ನಾ ಪುಟ್ಟಿ ಹೊತ್ತು ನಿಂತಿದ್ದೆ, ಏನೂ ಮಾಡಲಿಲ್ಲ." ಅಂಗೈ ತಗಿಯದೇ ಅಕಿ ನನ್ನ ಕಡಿ ನೋಡಿದ್ಳು. "ಅದಕ್ಕೇ ಹೊಂಟೀನಿ ನಾ. ಉಳಿದ ಅರ್ಧ ಇಕಿ ಅಲ್ಲಿ ಇಳೀತಾಳ. ನಾ ಕೆಳಗ ನಿಂತಿರ್ತೀನಿ. ಯಾವಾಂವ ಕೈ ಹಾಕ್ತಾನ ನೋಡ್ತೀನಿ."

ವಿವೇಕಾನಂದ ಪೆನ್ನು ಎತ್ತಿಕೊಂಡ. ನನ್ನ ಹೆಸರಿನ ಮುಂದ ಅರ್ಧ ಅಂತ ಬರದ.