ಬದುವಿನ ಮೇಲೆ ನಿಂತ ಟ್ರ್ಯಾಕ್ಟರು

ನಾಗರ ಪಂಚಮಿಗೆ ತವರಿಗೆ ಕರೆಯಲು ಬಾರದ ತಮ್ಮನ ಮೇಲಿನ ಸಿಟ್ಟು ಎಂಥದ್ದು ಅಂತ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಅಣ್ಣನೋ ತಮ್ಮನೋ ಬಂದು, ಗಂಡನ ಮನೆಯಲ್ಲಿ ಕೂತು ಚಹಾ ಕುಡಿದು, "ನಡಿ ಅಕ್ಕಾ" ಅಂದ ಮೇಲೇ ನಾವು ಹೊಸ್ತಿಲು ದಾಟುವುದು. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಅಂತ ಉಳಿದವನು ಸಿಂದಗಿಯ ತಮ್ಮ ಒಬ್ಬನೇ. ಆ ಮಹಾರಾಯ ಈ ಸಲ ಫೋನಿನಲ್ಲಿ ಏನಂದ ಗೊತ್ತೇ?

"ಅಕ್ಕಾ, ಆಫೀಸಿನ್ಯಾಗ ಕೆಲಸ ಭಾಳ ಐತಿ, ರಜಾ ಸಿಗೂದಿಲ್ಲ. ನೀನ ಬಸ್ ಹತ್ತಿ ಬಂದುಬಿಡು. ಹೆಂಗೂ ಹೆಣ್ಣಮಕ್ಕಳಿಗೆ ಬಸ್ ಫ್ರೀ ಐತಲ್ಲ."

ಫ್ರೀ ಅಂತೆ! ಮೈಯೆಲ್ಲ ಉರಿದುಹೋಯಿತು. "ಕರಿಯಾಕ ಬರಲಾರದ ತವರಿಗೆ ನಾ ಕಾಲಿಡಂಗಿಲ್ಲ. ಇನ್ನ ಮ್ಯಾಲೆ ಫೋನೂ ಮಾಡಬ್ಯಾಡ" ಅಂದು ಫೋನ್ ಇಟ್ಟುಬಿಟ್ಟೆ. ಮಾಡಬೇಡ ಅಂದರೆ ನಿಜವಾಗಿಯೂ ಮಾಡದೇ ಇರುವುದೇ? ಅವನು ಮಾಡಲೇ ಇಲ್ಲ.

ಆದರೆ ನಮ್ಮಿಬ್ಬರ ನಡುವೆ ಒಂದು ಆಟವಿತ್ತು. ಕಂಪ್ಯೂಟರಿನಲ್ಲಿ ಒಕ್ಕಲುತನ ಮಾಡುವ ಆಟ. ಅವನೇ ಕಲಿಸಿದ್ದು. ದಿನಾ ಸಂಜೆ ಅವನು ಸಿಂದಗಿಯಲ್ಲಿ, ನಾನು ಮುದ್ದೇಬಿಹಾಳದಲ್ಲಿ ಕೂತು ಒಂದೇ ಹೊಲದಲ್ಲಿ ಬಿತ್ತಿ ಬೆಳೆಯುತ್ತಿದ್ದೆವು. ನಮ್ಮ ಮನೆಯವರು ತೊಗರಿ ವ್ಯಾಪಾರಿ. "ಖರೇ ಹೊಲಕ್ಕ ಒಂದ್ ದಿನ ಬುತ್ತಿ ಒಯ್ಯಲಿಲ್ಲ, ಸುಳ್ಳು ಹೊಲಕ್ಕ ದಿನಾ ಹೊಂಟೀಯಲ್ಲ" ಅಂತ ನಗುತ್ತಿದ್ದರು. ನಗಲಿ. ಸಿಟ್ಟು ತಮ್ಮನ ಮೇಲೆ, ಬೆಳೆಯ ಮೇಲಲ್ಲ ಅಂತ ನಾನು ಆಟಕ್ಕೆ ಹೋಗುವುದನ್ನು ಬಿಡಲಿಲ್ಲ. ಖರೇ ಹೇಳಬೇಕೆಂದರೆ, ತೆರೆಯ ಮೂಲೆಯಲ್ಲಿ ಮಾತು ಬರೆಯುವ ಒಂದು ಚೌಕವಿತ್ತು. ಅಲ್ಲಿ ಅವನು "ಬರ್ತೇನಿ ಅಕ್ಕಾ" ಅಂತ ಬರೆದಾನು ಎಂಬ ಆಸೆ.

ನಾಗರ ಅಮವಾಸ್ಯೆಯ ಸಂಜೆ ಆಟಕ್ಕೆ ಕೂತರೆ ತೆರೆ ಬೋಳು ಬೋಳು. ಹೊಲ ಇದೆ, ಆಕಾಶ ಇದೆ, ಉಳಿದದ್ದೆಲ್ಲ ಮಾಯ. ಡೀಸೆಲ್ ಎಷ್ಟಿದೆ ತೋರಿಸುವ ಗುರುತಿಲ್ಲ, ನಕ್ಷೆ ಇಲ್ಲ, ಗಡಿಯಾರವಿಲ್ಲ. ಮಾತಿನ ಚೌಕವಂತೂ ಪತ್ತೆಯೇ ಇಲ್ಲ. ಆಟ ಮುಚ್ಚಿ ತೆರೆದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ತೆರೆಯ ಅಳತೆ ಹಿಗ್ಗಿಸಿದೆ, ಕುಗ್ಗಿಸಿದೆ. ಆಟವನ್ನು ಪೂರಾ ಕಿತ್ತುಹಾಕಿ ಮತ್ತೆ ಇಳಿಸಿಕೊಂಡೆ. ಹಳೆಯ ಸೆಟ್ಟಿಂಗನ್ನೇ ನೆನಪಿಟ್ಟುಕೊಂಡು ಹಾಗೇ ಬೋಳಾಗಿ ಬಂತು, ಹಾಳಾದ್ದು!

"ತಮ್ಮಗ ಒಂದ್ ಫೋನ್ ಮಾಡಿ ಕೇಳು, ಅಂವಗ ಗೊತ್ತಿರ್ತೈತಿ" ಅಂದರು ಮನೆಯವರು.

"ಸತ್ತರೂ ಮಾಡಂಗಿಲ್ರಿ."

"ಹಂಗಾರ ಕುರುಡ ಒಕ್ಕಲುತನ ಮಾಡು."

ಮಾಡಿದೆ. ಅದರಲ್ಲಿ ಇನ್ನೊಂದು ಉರಿ ಏನೆಂದರೆ, ದಿನಾ ಸಂಜೆ ತಮ್ಮನ ಕೆಂಪು ಟ್ರ್ಯಾಕ್ಟರು ನನ್ನ ಹೊಲದ ತನಕ ಬರುತ್ತಿತ್ತು. ಬದುವಿನ ಮೇಲೆ ನಿಲ್ಲುತ್ತಿತ್ತು. ಬಿತ್ತುವುದಿಲ್ಲ, ರಾಶಿ ಮಾಡುವುದಿಲ್ಲ, ಸುಮ್ಮನೆ ನಿಂತು ಹಾರ್ನ್ ಬಾರಿಸುವುದು. ನನ್ನನ್ನು ಕಾಡಿಸಲಿಕ್ಕೇ ಬಂದಿದ್ದಾನೆ ಅಂದುಕೊಂಡೆ. ಒಂದು ಮಾತಿಲ್ಲ, ಮೇಲೆ ಹಾರ್ನ್ ಬೇರೆ! ನಾನು ಬೇಕಂತಲೇ ಅವನಿಗೆ ಬೆನ್ನು ಮಾಡಿ, ಹೊಲದ ಆ ತುದಿಗೆ ಹೋಗಿ ರಂಟೆ ಹೊಡೆದು ಉಳುತ್ತಿದ್ದೆ. ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿದ್ದ. ಅವನು ಹೋದ ಮೇಲೆ ನನಗೆ ಅಳು ಬರುತ್ತಿತ್ತು. ತವರು ಮುಗೀತು, ಇನ್ನು ಇಷ್ಟೇ ಅನ್ನಿಸುತ್ತಿತ್ತು.

ಪಂಚಮಿಯ ಹಿಂದಿನ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಓಣಿಯೇ ಬಿಕೋ ಅನ್ನುತ್ತಿತ್ತು. ಹಬ್ಬದ ಉಂಡಿ ಕಟ್ಟಲೂ ಮನಸ್ಸಿಲ್ಲದೆ, ಹಟಕ್ಕೆ ಬಿದ್ದು ಆಟದ ಸೆಟ್ಟಿಂಗನ್ನು ಮೇಲಿನಿಂದ ಕೆಳತನಕ ಓದುತ್ತ ಕೂತೆ. ಯಾವ ಕೀ ಒತ್ತಿದರೆ ಏನಾಗುತ್ತದೆ ಅಂತ ಹೇಳುವ ಪುಟ. ಅಲ್ಲಿ ಸಿಕ್ಕಿತು! ತೆರೆಯ ಮೇಲಿನ ಗುರುತುಗಳನ್ನು ಅಡಗಿಸಲು, ತೋರಿಸಲು ಒಂದೇ ಕೀ. ಕೀಬೋರ್ಡಿನ ಮೇಲಿನ ಸಾಲಿನದು. ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಕೀ ಒಳಗೆ ಇಳಿಯಲೇ ಒಲ್ಲದು.

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಕೀಯ ಸುತ್ತ ವಿಭೂತಿ, ಕುಂಕುಮ ಕಲಸಿ ಒಣಗಿ ಗಾರೆಯ ಹಾಗೆ ಕೂತಿದೆ. ಆಗ ತಿಳಿಯಿತು. ವ್ಯಾಪಾರಸ್ಥರ ಮನೆ, ಅಮವಾಸ್ಯೆಗೊಮ್ಮೆ ತಕ್ಕಡಿ, ಬೈಕು, ಕಂಪ್ಯೂಟರು ಎಲ್ಲಕ್ಕೂ ಪೂಜೆ ಆಗಲೇಬೇಕು. ಆ ದಿನ ಮುಂಜಾನೆ ಬೆಳೆ ಬಂತೇನು ನೋಡೋಣ ಅಂತ ಆಟ ತೆರೆದವಳು ಹಾಗೇ ಬಿಟ್ಟು, ಹಸಿ ಬಟ್ಟೆಯಿಂದ ಕೀಬೋರ್ಡನ್ನು ತಿಕ್ಕಿ ಒರೆಸಿ, ಕೈತುಂಬ ವಿಭೂತಿ ಬಳಿದು, ಮೇಲೆ ಕುಂಕುಮ ಹಚ್ಚಿದ್ದೆ. ಒರೆಸುವಾಗ ಕೀ ಒತ್ತಿ ಗುರುತುಗಳೆಲ್ಲ ಅಡಗಿವೆ. ಆಮೇಲೆ ಕೀ ವಿಭೂತಿಯಲ್ಲಿ ಹೂತುಹೋಗಿದೆ. ನನ್ನ ಭಕ್ತಿಗಿಷ್ಟು ಬೆಂಕಿ ಬೀಳಲಿ!

ಸೇಫ್ಟಿ ಪಿನ್ನಿನಿಂದ ಕೆದಕಿದೆ, ಊದಿದೆ, ಒತ್ತಿದೆ. ಟಕ್ ಅಂತು. ಡೀಸೆಲ್ಲು, ನಕ್ಷೆ, ಗಡಿಯಾರ ಎಲ್ಲ ಬಂದವು. ಮೂಲೆಯ ಚೌಕದಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ತಮ್ಮನ ಮಾತುಗಳು ಒಂದರ ಕೆಳಗೊಂದು ಕೂತಿದ್ದವು.

"ಅಕ್ಕಾ, ಕರಿಯಾಕ ಬಂದೇನಿ. ಟ್ರ್ಯಾಕ್ಟರ್ ಹತ್ತು."

"ಅಕ್ಕಾ, ಹಾರ್ನ್ ಕೇಳ್ಸಾಕತ್ತಿಲ್ಲೇನು? ಬಾ, ಹತ್ತು."

"ರಜಾ ಸಿಕ್ಕೈತಿ. ನೀ ಹೂಂ ಅನ್ನು, ಖರೇನ ಬರ್ತೇನಿ."

"ನಾ ಬರೂದು ಬ್ಯಾಡೇನ ಅಕ್ಕಾ?"

ಅವನು ಕರೆಯಲು ಬಂದು ನಿಂತಿದ್ದಾನೆ, ನಾನು ಬೆನ್ನು ತಿರುಗಿಸಿ ರಂಟೆ ಹೊಡೆದಿದ್ದೇನೆ! ಫೋನ್ ಹಚ್ಚಿದೆ. ಒಂದು ರಿಂಗೂ ಪೂರಾ ಆಗಲಿಲ್ಲ, ಎತ್ತಿದ.

"ಅಕ್ಕಾ, ಇಷ್ಟ್ ಸಿಟ್ಟಾ? ನೀ ನನ್ನ ಪೂರಾ ಬಿಟ್ಟುಬಿಟ್ಟಿ ಅಂತ ಅಂಜಿದ್ನೆವಾ" ಅಂದ.

"ಬಿಡಾಕ ನೀ ಏನ್ ಹಳೇ ಸೀರಿ ಏನೋ? ಕೀಬೋರ್ಡಿಗೆ ವಿಭೂತಿ ಹಚ್ಚಿದ್ನಪ್ಪಾ, ಎಲ್ಲಾ ಮುಚ್ಚಿಹೋಗಿತ್ತು!"

ಅವನು ನಗಲು ಹತ್ತಿದವನು ನಿಲ್ಲಿಸಲೇ ಇಲ್ಲ. ನಾನೂ ಅಳುತ್ತಲೇ ನಕ್ಕೆ.

"ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಬರ್ತೇನಿ. ಚೀಲ ತುಂಬಿಕೊಂಡು ತಯಾರಾಗು" ಅಂದ.

"ನೋಡ್ತೇನಿ, ಮೊದಲ ಬಾ" ಅಂದೆ, ಬಿಗುವಿನಿಂದಲೇ. ತವರಿಗೆ ಹೋಗಲೆಂದು ಮೊದಲೇ ಮಂಚದ ಕೆಳಗೆ ಕಟ್ಟಿಟ್ಟ ಚೀಲವನ್ನು ಜಗಳವಾದ ದಿನದಿಂದಲೂ ನಾನು ಬಿಚ್ಚಿರಲಿಲ್ಲ. ಅವನಿಗೆ ಅದನ್ನು ಇನ್ನೂ ಹೇಳಿಲ್ಲ.