ಹಿಪ್ಪೆ ದಿಮ್ಮಿಗೆ ಕಿವಿಯಿಟ್ಟು ಹೇಳಿದ ಸುಳ್ಳು

ಆ ಮೂರು ಹಿಪ್ಪೆ ದಿಮ್ಮಿಗಳು ಟೊಳ್ಳಾಗಿರಲಿಲ್ಲ. ಟೊಳ್ಳು ಅಂತ ಹೇಳಿದವನು ನಾನು. ಗಟ್ಟಿ ಇವೆ ಅಂತ ನನ್ನ ಕಿವಿಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ. ಹದಿನಾಲ್ಕು ವರ್ಷ ಈ ಮಾತನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ನಂಜನಗೂಡಿನಲ್ಲಿ ನನ್ನದೊಂದು ಮರ ಕುಯ್ಯುವ ಮಿಲ್ಲಿತ್ತು, ಪಕ್ಕದಲ್ಲೇ ಸೌದೆ ಡಿಪೋ. ತಲೆಯ ಮೇಲೆ ಸೌದೆ ಹೊತ್ತು ಮಾರಿ ಮೇಲೆ ಬಂದವನು ನಾನು. ಅಪ್ಪನ ಆಸ್ತಿ ಅಂತ ಒಂದು ಕೊಡಲಿಯೂ ಇರಲಿಲ್ಲ. ಚೌಕಾಸಿಗೆ ಕೂತರೆ ಮಲ್ಲಪ್ಪನನ್ನು ಏಳಿಸುವವರಿಲ್ಲ ಅಂತ ಜನ ಹೇಳುತ್ತಿದ್ದರು, ನಾನೂ ಬೇಡ ಅನ್ನುತ್ತಿರಲಿಲ್ಲ. ನನ್ನ ಅಂಗಳಕ್ಕೆ ಬಂದ ಮರಕ್ಕೆ ಎರಡೇ ದಾರಿ — ಗರಗಸ, ಇಲ್ಲವೇ ಬೆಂಕಿ. ಯಾವುದಕ್ಕೆ ಯಾವ ದಾರಿ ಅಂತ ಹೇಳುವುದೇ ನನ್ನ ಕಸುಬು.

ಆ ಮಿಲ್ಲಿನಲ್ಲಿ ಗರಗಸ ನಡೆಸುತ್ತಿದ್ದವನು ಮಾದೇವ, ಹೆಮ್ಮರಗಾಲದವನು. ಬಡಗಿ ಕೆಲಸವನ್ನೂ ಬಲ್ಲವನು. ಇಪ್ಪತ್ತು ವರ್ಷ ಆ ಯಂತ್ರದ ಮುಂದೆ ನಿಂತು ನಿಂತು ಅವನ ಕಿವಿ ಹೋಗಿತ್ತು. ಕೂಗಿದರೆ ಕೇಳುತ್ತಿತ್ತು, ಮೆಲ್ಲಗಿನ ಸದ್ದು ಒಂದೂ ಕೇಳುತ್ತಿರಲಿಲ್ಲ. ನನ್ನ ಮಿಲ್ಲಿನಲ್ಲೇ ಹೋದ ಕಿವಿ ಅದು — ಇದನ್ನೂ ಇಲ್ಲೇ ಹೇಳಿಬಿಡಬೇಕು.

ಒಂದು ವರ್ಷ ಕಪಿಲೆ ತುಂಬಿ ಬಂದಾಗ ದಂಡೆ ಕುಸಿದು, ಹದಿನಾರು ಅನ್ನುವ ಊರಿನ ಜಮೀನ್ದಾರರೊಬ್ಬರ ತೋಪಿನ ಹಿಪ್ಪೆ ಮರಗಳು ಉರುಳಿದವು. ತಿಂಗಳುಗಟ್ಟಲೆ ಗೋಡುಮಣ್ಣಿನಲ್ಲಿ ಹೂತುಕೊಂಡಿದ್ದವು. ಅವರ ಮನೆಯ ಬಾಗಿಲುಗಳನ್ನೆಲ್ಲ ರಿಪೇರಿ ಮಾಡಿಕೊಟ್ಟಿದ್ದ ಮಾದೇವನಿಗೆ, 'ಬೇಕಾದ್ರೆ ಎಳ್ಕೊಂಡೋಗಪ್ಪ' ಅಂದರಂತೆ. ಅವನು ಟ್ರಾಕ್ಟರ್ ಹಿಡಿದು ಮೂರು ದಿಮ್ಮಿಗಳನ್ನು ಕೆಸರಿನಿಂದ ಎಬ್ಬಿಸಿ ನನ್ನ ಅಂಗಳಕ್ಕೆ ತಂದು ಹಾಕಿದ. ಮೈಯೆಲ್ಲ ಕಪ್ಪು, ಕೊಳೆತ ಕೆರೆಯ ವಾಸನೆ. ನೋಡಿದವರು ಯಾರೇ ಆದರೂ ಒಲೆಗೆ ಅನ್ನುತ್ತಿದ್ದರು.

"ಲೇ ಮಲ್ಲ, ಇವು ನನ್ವು ಕಣ್ಲಾ," ಅಂದ. ಕಿವುಡಾದ ಮೇಲೆ ಅವನ ಮಾತೆಲ್ಲ ಜೋರು. "ಇದ್ರಲ್ಲಿ ಬಾಗ್ಲು ಚೌಕಟ್ಟು ಮಾಡ್ತೀನಿ. ಊರಲ್ಲಿ ಇಬ್ರು ಕೇಳವ್ರೆ. ಒಂದು ಶೆಡ್ ಆಕ್ಕತೀನಿ, ನಂದೇ. ನಿನ್ ಮಿಲ್ಲಿನ ಧೂಳು ಕುಡ್ದಿದ್ದು ಸಾಕು."

ನಗುತ್ತಲೇ ಹೇಳಿದ. ನಾನೂ ನಕ್ಕೆ. ಆದರೆ ಒಳಗೆ —

ಒಳಗೆ ಏನಾಯಿತು ಅಂತ ನೇರವಾಗಿ ಹೇಳುತ್ತೇನೆ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ದಿನಕ್ಕೆ ನೂರು ಜನರ ಹತ್ತಿರ ಮಾತಾಡುತ್ತಿದ್ದೆ, ಎಲ್ಲವೂ ವ್ಯಾಪಾರ. ವ್ಯಾಪಾರವಿಲ್ಲದ ಮಾತು ಅಂದರೆ ಮಧ್ಯಾಹ್ನ ಯಂತ್ರ ನಿಂತ ಮೇಲೆ, ಹೊಟ್ಟಿನ ರಾಶಿಯ ಪಕ್ಕ ಅವನೂ ನಾನೂ ಬುತ್ತಿ ಬಿಚ್ಚಿ ಕೂರುವ ಅರ್ಧ ಗಂಟೆ. ಅವನ ಡಬ್ಬಿಯ ಬಸ್ಸಾರು ನನಗೆ, ನಾನು ಹೋಟೆಲಿನಿಂದ ತಂದ ಚಿತ್ರಾನ್ನ ಅವನಿಗೆ. ಅವನು ಊರಿಗೆ ಹೋಗಿ ಶೆಡ್ ಹಾಕಿದರೆ ಆ ಅರ್ಧ ಗಂಟೆ ಹೋಗುತ್ತಿತ್ತು. ನನಗೆ ಗರಗಸದವನು ಬೇರೆ ಸಿಗುತ್ತಿದ್ದ. ಮಾದೇವ ಸಿಗುತ್ತಿರಲಿಲ್ಲ.

ದಿಮ್ಮಿ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ನೀರಲ್ಲಿ, ಮಣ್ಣಲ್ಲಿ ಬಿದ್ದಿದ್ದ ಮರವನ್ನು ತೊಗಟೆ ನೋಡಿ ತೀರ್ಮಾನಿಸಬೇಡಿ. ಒಬ್ಬರು ಒಂದು ತುದಿಗೆ ಕಿವಿ ಒತ್ತಿ ಕೂರಬೇಕು, ಇನ್ನೊಬ್ಬರು ಇನ್ನೊಂದು ತುದಿಯಲ್ಲಿ ಮೊಳೆಯಿಂದ ಮೆಲ್ಲಗೆ ಕೆರೆಯಬೇಕು. ತಿರುಳು ಗಟ್ಟಿ ಇದ್ದರೆ ಹತ್ತಡಿ ಆಚೆಯ ಕೆರೆತ ಕಿವಿಯೊಳಗೇ ಕೆರೆದಂತೆ ಕೇಳುತ್ತದೆ. ಒಳಗೆ ಕೊಳೆತಿದ್ದರೆ ಸದ್ದು ನಡುವೆಯೇ ಸತ್ತುಹೋಗುತ್ತದೆ. ಕೆರೆಯುವವನಿಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ಕಿವಿಯಿಟ್ಟವನೊಬ್ಬನಿಗೆ.

ಮಾದೇವನ ಕಿವಿ ಹೋದಮೇಲೆ ಕೆರೆಯುವುದು ಅವನು, ಕೇಳುವುದು ನಾನು ಅಂತಾಗಿತ್ತು.

ಮೊದಲ ದಿಮ್ಮಿಗೆ ಕಿವಿಯಿಟ್ಟೆ. ಅವನು ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೆರೆದ. ಕರ್‌ ಕರ್‌ ಅಂತ — ಅಷ್ಟು ಶುದ್ಧವಾದ ಸದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ. ಎರಡನೆಯದೂ ಹಾಗೇ. ಮೂರನೆಯದೂ. ತಲೆ ಎತ್ತಿದಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಎಂಗದ್ಲಾ?"

"ಟೊಳ್ಳು ಕಣೋ. ಮೂರೂ ಟೊಳ್ಳು. ಸೌದೆಗೇ ಸರಿ."

ಅವನು ಎದ್ದು ಬಂದು ಅಂಗೈಯನ್ನು ದಿಮ್ಮಿಯ ಮೇಲಿಟ್ಟ. "ನನ್ ಕೈಗೆ ಗಟ್ಟಿ ಅನ್ನಿಸ್ತದಲ್ಲೋ. ತುದೀಲಿ ಒಂಚೂರು ಕುಯ್ದು ನೋಡನಾ?"

"ಸಂದೀಲೆಲ್ಲ ಕಲ್ಲು ಮರಳು ಸೇರ್ಕೊಂಡದೆ. ಬ್ಲೇಡು ಮುರುದ್ರೆ ಏನ್ಲಾ ಮಾಡ್ತೀಯ? ಕೈಗೇನ್ ಗೊತ್ತಾದದು ಮಾದೇವ, ಕಿವಿಗೆ ಗೊತ್ತಾಗ್ಬೇಕು."

ಹೊಳೆಯಿಂದ ಬಂದ ಮರದಲ್ಲಿ ಕಲ್ಲು ಇರುವುದು ನಿಜ. ಇಂಥ ಸುಳ್ಳಿಗೆ ಒಂದು ನಿಜವನ್ನು ಪಕ್ಕದಲ್ಲಿಟ್ಟರೆ ನಿಲ್ಲುತ್ತದೆ ಅಂತ ವ್ಯಾಪಾರದಲ್ಲಿ ಕಲಿತಿದ್ದೆ. ಅವನು ಕೈ ತೆಗೆದ. ಆ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. "ಸೌದೆಗೇ ಆಕ್ಲಾ," ಅಂದ. ಅಷ್ಟೇ.

ನನ್ನ ಡಿಪೋದಲ್ಲಿ ಸೌದೆಗೆ ಸೀಳಿಸುವಂತಿರಲಿಲ್ಲ, ಸೀಳಿದರೆ ತಿರುಳು ಕಾಣುತ್ತಿತ್ತು. ಮಾರನೆಯ ದಿನ ಅವನು ಬರುವ ಮೊದಲೇ ಇಡೀ ದಿಮ್ಮಿಗಳನ್ನೇ ಲಾರಿಗೆ ಏರಿಸಿ, ತಿ. ನರಸೀಪುರದ ಕಡೆಯ ಒಂದು ಇಟ್ಟಿಗೆ ಗೂಡಿಗೆ ನಾನೇ ಜೊತೆಯಲ್ಲಿ ಹೋದೆ. ಇಳಿಸುವಾಗ ಒಂದು ಉರುಳಿ ಕಲ್ಲಿಗೆ ಬಡಿದು ತುದಿ ಚಕ್ಕೆ ಹಾರಿತು. ಒಳಗೆ ಕೆಂಪು, ಒದ್ದೆ ಕೆಂಪು, ಒಂದು ಹುಳದ ತೂತಿಲ್ಲ. ಅಷ್ಟು ಹೊತ್ತಿಗೂ ತಡವಾಗಿರಲಿಲ್ಲ. ವಾಪಸ್ ಏರಿಸಿ ಅಂದಿದ್ದರೆ ಮುಗಿಯುತ್ತಿತ್ತು. ನಾನು ಬಗ್ಗಿ, ಅಂಗೈಯಲ್ಲಿ ಕೆಸರು ತೆಗೆದು, ಆ ಕೆಂಪಿನ ಮೇಲೆ ಬಳಿದೆ.

ಗೂಡಿನ ಆಳು ಅದನ್ನು ನೋಡಿದ. "ಯಾನ್ ಸಾ, ಇಂಥ ಮರಾನ ಬೆಂಕೀಗ್ ಆಕುಸ್ತಿದ್ದೀರಿ. ತಲೆಗಿಲೆ ಕೆಟ್ಟದಾ?"

"ನಿನ್ ಕೆಲ್ಸ ನೋಡು," ಅಂದೆ.

ಮೂರು ಹಗಲು ಉರಿದವಂತೆ. ಟೊಳ್ಳು ಮರ ಅಷ್ಟು ಹೊತ್ತು ಉರಿಯುವುದಿಲ್ಲ.

ಮಾದೇವ ನನ್ನ ಮಿಲ್ಲಿನಲ್ಲೇ ಉಳಿದ. ನನಗೆ ಬೇಕಾಗಿದ್ದು ಅದೇ ತಾನೆ? ಆದರೆ ಉಳಿದವನು ಬೇರೆ ಯಾರೋ ಅನ್ನಿಸುತ್ತಿತ್ತು. ಶೆಡ್ಡಿನ ಮಾತು ಮತ್ತೆ ಎತ್ತಲಿಲ್ಲ. ಮೊದಲು ಮರದ ಮೈ ಸವರಿ 'ಇದು ಹಲಗೆ, ಇದು ತೊಲೆ' ಅಂತ ಒಂದೇ ಏಟಿಗೆ ಹೇಳುತ್ತಿದ್ದವನು, ಆಮೇಲೆ ಕಡ್ಡಿಯಂಥ ಕಂಬಕ್ಕೂ ನನ್ನನ್ನು ಕರೆಯತೊಡಗಿದ. ಮಧ್ಯಾಹ್ನ ಎದುರೇ ಕೂರುತ್ತಿದ್ದೆವು. ಅವನು ಡಬ್ಬಿ ನೋಡಿಕೊಂಡು ಉಣ್ಣುತ್ತಿದ್ದ, ನಾನು ಅವನನ್ನು ನೋಡಿಕೊಂಡು. ಅವನನ್ನು ಹತ್ತಿರ ಇಟ್ಟುಕೊಳ್ಳಲು ಸುಳ್ಳು ಹೇಳಿ, ಆ ಸುಳ್ಳಿನ ಜೊತೆ ಒಬ್ಬನೇ ಕೂತಿದ್ದೆ — ಒಂಬತ್ತು ವರ್ಷ.

ಆಮೇಲೆ ಅವನ ಕಿವಿ ಪೂರ್ತಿ ಹೋಯಿತು. ಬಿಳಿಗೆರೆಯಲ್ಲಿರುವ ಮಗಳು ಗೌರಿ ಕರೆದುಕೊಂಡು ಹೋದಳು. ಜನ ರೆಡಿಮೇಡ್ ಬಾಗಿಲು ತರಲು ಶುರುಮಾಡಿದರು, ನಾನು ಮಿಲ್ಲು ಮುಚ್ಚಿದೆ.

ಅದಾಗಿ ಐದು ವರ್ಷಕ್ಕೆ, ಹೋದ ತಿಂಗಳು, ಅವನನ್ನು ನೋಡಲು ಬಿಳಿಗೆರೆಗೆ ಹೋದೆ. ಹೇಳಿಕೊಳ್ಳಲು ಹೋದೆ ಅಂದರೆ ಅದೂ ಸುಳ್ಳಾಗುತ್ತದೆ. ಸುಮ್ಮನೆ, ಮನೆಯಲ್ಲಿ ಕೂರಲಾರದೆ ಹೋದೆ. ಜಗಲಿಯಲ್ಲಿ ಕೂತಿದ್ದೆವು. ಗಾಳಿಗೆ ಬಿದ್ದ ಹಲಸಿನ ಬೊಡ್ಡೆಯೊಂದು ಎದುರು ಮನೆಯ ಮುಂದಿತ್ತು. ಆ ಮನೆಯವನು ಬಂದು, ಕುಯ್ಸೋದಾ ಸೌದೆ ಮಾಡೋದಾ ಅಂತ ಕೈಸನ್ನೆಯಲ್ಲಿ ಮಾದೇವನನ್ನು ಕೇಳಿದ.

ಮಾದೇವ ತಲೆ ಅಲ್ಲಾಡಿಸಿದ. "ನನ್ನ ಕೇಳ್ಬ್ಯಾಡಪ್ಪ. ನನ್ ಕೈ ಸುಳ್ಳು ಏಳ್ತದೆ. ಒಂದ್ಸಲ ಮೂರು ದಿಮ್ಮೀಲೂ ಏಳ್ತು. ಇಗಾ, ಮಲ್ಲಪ್ಪ ಇಲ್ಲೇ ಅವ್ನಲ್ಲ, ಇವ್ನ ಕೇಳು. ಇವನ್ ಕಿವಿ ಒಳ್ಳೇದು."

ಇಷ್ಟು ವರ್ಷ ಅವನು ಹೊತ್ತುಕೊಂಡಿದ್ದು ಅದನ್ನು. ಮರ ಹೋಯಿತು, ಶೆಡ್ ಹೋಯಿತು ಅಂತಷ್ಟೇ ನಾನು ಲೆಕ್ಕ ಹಾಕಿದ್ದೆ. ಅವನ ಕೈಯನ್ನೇ ಅವನಿಂದ ಕಿತ್ತುಕೊಂಡಿದ್ದೆ.

ಅವನ ಹತ್ತಿರ ಮಾತಾಡಲು ಗೌರಿ ಹಳೆಯ ಕ್ಯಾಲೆಂಡರ್ ಹಾಳೆ, ಪೆನ್ಸಿಲ್ ಇಟ್ಟಿದ್ದಾಳೆ. ತೆಗೆದುಕೊಂಡೆ. 'ಅವತ್ತು ನಿನ್ನ ಕೈ ಹೇಳಿದ್ದೇ ನಿಜ. ಮರ ಗಟ್ಟಿ ಇತ್ತು. ನೀನು ಹೋಗಬಾರದು ಅಂತ ನಾನು ಸುಳ್ಳು ಹೇಳಿದೆ' ಅಂತ ಬರೆದು ಅವನ ಮುಂದಿಟ್ಟೆ.

ಅವನು ಓದಿದ. ಮತ್ತೊಮ್ಮೆ ಬೆರಳಿಟ್ಟು ಓದಿದ.

"ಮೂರೂನಾ?"

ಹೌದೆಂದು ತಲೆಯಾಡಿಸಿದೆ. ಹೆಂಡತಿ ಹೋದದ್ದು, ಒಬ್ಬನೇ ಆದದ್ದು, ಎಲ್ಲ ಬರೆಯಬೇಕು ಅಂತ ಪೆನ್ಸಿಲ್ ಹಿಡಿದೇ ಇದ್ದೆ. ಅವನು ಇನ್ನೇನೂ ವಿಚಾರಿಸಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ರಸ್ತೆ ಕಡೆ ತಿರುಗಿದ. ಆಮೇಲೆ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ ಅಂದ:

"ನಿಮ್ಗೆ ಐದೂವರೆಗೆ ಬಸ್ಸದೆ."

ಮೂವತ್ತು ವರ್ಷಕ್ಕೂ ಮೇಲಿನ ಸ್ನೇಹದಲ್ಲಿ ಅವನು ನನ್ನನ್ನು ನೀವು ಅಂದದ್ದು ಅದೇ ಮೊದಲು. ಎದ್ದು ಚಪ್ಪಲಿ ಮೆಟ್ಟಿದೆ. ಕಾಫಿ ತಂದ ಗೌರಿ ಏನಾಯಿತೆಂದು ತಿಳಿಯದೆ ಲೋಟ ಹಿಡಿದೇ ನಿಂತಳು.

ಅವನು ಬಾ ಅನ್ನುವವರೆಗೆ ನಾನು ಆ ಊರಿಗೆ ಹೋಗುವುದಿಲ್ಲ. ಬಾ ಅನ್ನದೆ ಇರುವುದೂ ಅವನ ಹಕ್ಕು. ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.