ನನ್ನ ಹೊಟ್ಟೆ, ತಮ್ಮನ ಕಣ್ಣು

ಅರವತ್ತು ದಾಟಿದ ಹೆಂಗಸಿಗೆ ಸುಳ್ಳು ಹೇಳುವುದನ್ನು ನಮ್ಮ ಕಡೆ ಕಾಳಜಿ ಎನ್ನುತ್ತಾರೆ. ಸುಡಲಿ ಆ ಕಾಳಜಿ! ಗಂಡ ಹೋದ ಮೇಲೆ ಮಸ್ಕಿಯಲ್ಲಿ ಬಟ್ಟೆ ಅಂಗಡಿಯನ್ನು ಒಬ್ಬಳೇ ನಡೆಸಿದವಳು ನಾನು. ಬಲ ಪಕ್ಕೆಯ ಕೆಳಗೆ ನೋವೆಂದು ಲಿಂಗಸುಗೂರಿನ ಡಾಕ್ಟರ ಹತ್ತಿರ ಹೋದರೆ, ಅವರು ನನ್ನನ್ನು ಹೊರಗೆ ಕೂರಿಸಿ ನನ್ನ ತಮ್ಮನೊಂದಿಗೆ ಮಾತಾಡಿದರು. ಅವನು ಹೊರಗೆ ಬಂದು, "ಏನಿಲ್ಲಕ್ಕಾ, ಗ್ಯಾಸ್ ಆಗೇತಿ. ಸಿಂಧನೂರಾಗ ಒಂದು ಸೂಜಿ ಹಾಕ್ತಾರಂತ" ಅಂದ. ಬಸ್ಸಿನಲ್ಲಿ ಅವನು ಹೆಂಡತಿಗೆ ಫೋನು ಮಾಡಿ, ಲಿವರಿನಲ್ಲಿ ಗಡ್ಡೆ ಇದೆಯೆಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ನನ್ನ ಕಿವಿಗೇನಾಗಿತ್ತು ಧಾಡಿ?

ಸಿಂಧನೂರಿನ ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿಸಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. ಸೂಜಿ ಎಲ್ಲಿ ಹೋಗುತ್ತಿದೆಯೆಂದು ಸ್ಕ್ರೀನಿನಲ್ಲಿ ನೋಡುತ್ತಲೇ ಪರೀಕ್ಷೆಗೆಂದು ಗಡ್ಡೆಯ ಚೂರು ತೆಗೆಯುವುದಂತೆ. ಒಳ್ಳೆಯದೇ. ಆದರೆ ಸಿಸ್ಟರ್ ಆ ಸ್ಕ್ರೀನನ್ನು ಸರಕ್ಕನೆ ಆಚೆ ತಿರುಗಿಸಿದಳು. ಆಚೆ ನಿಂತಿದ್ದವನು ನನ್ನ ತಮ್ಮ.

"ಈ ಕಡೆ ತಿರುಗಸವ್ವಾ."

"ಹೆಣ್ಮಕ್ಕಳಿಗೆ ತೋರ್ಸಂಗಿಲ್ಲ ಯಮ್ಮಾ. ಗಂಡೋ ಹೆಣ್ಣೋ ಗೊತ್ತಾಗಬಾರ್ದು, ರೂಲ್ ಐತಿ." ಬಸುರಿಯರಿಗೆ ಹೇಳಿ ಹೇಳಿ ರೂಢಿಯಾದ ಮಾತು ಅವಳ ಬಾಯಿಂದ ತಾನಾಗಿಯೇ ಬಂತು.

ನನ್ನ ಮೈ ಉರಿದುಹೋಯಿತು. "ನನ್ನ ಹೊಟ್ಯಾಗಿರೋದು ಗಡ್ಡಿ, ಕೂಸಲ್ಲ! ಅವಗ ತೋರ್ಸಾಕ ಬರ್ತೈತಿ, ನನಗ್ಯಾಕ ಬರಂಗಿಲ್ಲ?"

ಗಡ್ಡೆಯ ಮಾತು ಕೇಳಿ ತಮ್ಮ ಹೌಹಾರಿದ. "ಅಕ್ಕಾ, ನೀ ಅಂಜತಿ ಅಂತ..."

"ಅಂಜಿದ್ರ ನಾ ಅಂಜತೀನಿ. ನೀ ಸುಮ್ನಿರು."

ಚುಚ್ಚುವಾಗ ಉಸಿರು ಬಿಗಿಹಿಡಿಯಬೇಕು, ಅಲುಗಾಡಬಾರದು ಎಂದು ಡಾಕ್ಟರು ಬೇಡಿಕೊಂಡರು. ಸಿಟ್ಟಿಗೆ ಏದುಸಿರು ಬಿಡುತ್ತಿದ್ದವಳು ಎಲ್ಲಿಂದ ಉಸಿರು ಹಿಡಿಯಲಿ? "ತೋರ್ಸಿದ್ರ ಹಿಡೀತೀನ್ರಿ" ಅಂದೆ. ಅವರೇ ಕೈಯಾರೆ ಸ್ಕ್ರೀನು ತಿರುಗಿಸಿದರು. ಕಪ್ಪಗೆ ಒಂದು ಉಂಡೆ, ಅದರೊಳಗೆ ಬೆಳ್ಳಗೆ ಇಳಿಯುತ್ತಿದ್ದ ಸೂಜಿ. ಚೂರು ಕತ್ತರಿಸುವಾಗ ಸೂಜಿಯಿಂದ ಟಕ್ ಎಂದು ಸದ್ದಾಯಿತು. ಹೆದರಿಕೆಯಾಯಿತು, ಆಗಲಿಲ್ಲ ಎನ್ನಲಾರೆ. ಆದರೂ ಕಣ್ಣು ಮುಚ್ಚಲಿಲ್ಲ.

ರಿಪೋರ್ಟು ಬಂದ ದಿನ ಡಾಕ್ಟರು ಕರೆದಾಗ ತಮ್ಮ ಎದ್ದು ನಿಂತ. ಅವನ ಭುಜ ಒತ್ತಿ ಕೂರಿಸಿ ಒಬ್ಬಳೇ ಒಳಗೆ ಹೋದೆ. ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡು ಹೊರಗೆ ಬಂದು ನಾನೇ ಹೇಳಿದೆ: "ಕ್ಯಾನ್ಸರ್ ಐತಂತ." ಅವನು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅಳತೊಡಗಿದ. ಸಮಾಧಾನ ಮಾಡಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟೇ. ನನಗಿಂತ ಮೊದಲು ಅಳುವುದಕ್ಕೆ ಇವನ್ಯಾರು?